ಹೂಂ ಅನ್ನುವವರಿಲ್ಲದ ಸಭೆ

ಜರಡಿಯಿಂದ ಹಿಟ್ಟು ಉದುರಿದ ಹಾಗೆ ಸಣ್ಣಗೆ, ಸದ್ದಿಲ್ಲದೆ, ಮಳೆಯೆಂದರೆ ಮಳೆಯಲ್ಲ, ಮಂಜೆಂದರೆ ಮಂಜಲ್ಲ, ಆಷಾಢದ ಭಾನುವಾರದ ಬೆಳಗು ಚಂದ್ರಾ ಲೇಔಟಿನ ಮೇಲೆ ಹೀಗೆ ಇಳಿಯುತ್ತಲೇ ಇತ್ತು, ಛತ್ರಿ ಬಿಚ್ಚಿದರೆ ನಾಚಿಕೆ, ಮಡಚಿದರೆ ತಲೆ ಒದ್ದೆ, ಶೈಲಾ ಬಿಚ್ಚಿದಳು, ತನಗಲ್ಲ, ಅತ್ತೆಗೆ, ದುರ್ಗವ್ವ ಗೇಟಿನ ಬಳಿ ಇಳಕಲ್ಲ ಸೀರೆಯ ನಿರಿಗೆ ಎತ್ತಿ ಹಿಡಿದು ಆಕಾಶ ನೋಡುತ್ತಿದ್ದಳು, ಇದೇನ ಮಳೀನವಾ, ಮ್ಯಾಲ ಯಾರೋ ಸೀನಿದಂಗ ಐತಿ, ನಮ್ಮ ಕಡೆ ಮಳಿ ಬಂದ್ರ ನಾ ಬಂದೆ ಅಂತ ಒದರಿ ಬರ್ತೈತಿ, ಇದು ಬಾಡಿಗಿ ಮನ್ಯಾಗ ಇದ್ದಂಗ ಗಪ್ಪಗ ಬಂದು ಗಪ್ಪಗ ಹೊಕ್ಕೈತಿ — ಬರ್ರಿ ಅತ್ತಿ, ತಡಾ ಆದ್ರ ಆಟೊ ಸಿಗೂದಿಲ್ಲ, ಎಂದು ಶೈಲಾ ಹಸಿರು ಬಳೆಯ ಕೈ ಚಾಚಿ ಅತ್ತೆಯ ಕೈ ಹಿಡಿದಳು, ಗಂಡ ಬಾಳೇಶ ಇನ್ನೂ ಕತ್ತಲಿರುವಾಗಲೇ ಕಂಡಕ್ಟರನ ಚೀಲ ಹೆಗಲಿಗೆ ಹಾಕಿಕೊಂಡು ಡಿಪೋಗೆ ಹೋಗಿದ್ದ, ಬಸ್ಸಿಗೆ ಭಾನುವಾರವೆಲ್ಲಿಯದು, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದ, ಮನ್ಯಾಗಿಂದ ಯಾರರ ಬರಬೇಕಂತ ಹೇಳ್ಯಾರಲಾ, ಅವ್ವನ್ನ ಕರ್ಕೊಂಡ ಹೋಗು, ನಾ ಬಂದ್ರ ನಿದ್ದಿ ಮಾಡ್ತೇನಿ, ಆಕಿ ಬಂದ್ರ ಕಡೀಕ ಜಗಳರ ಮಾಡ್ತಾಳ. ಶೈಲಾ ನಕ್ಕಿದ್ದಳು, ಆದರೆ ಪೂರ್ತಿ ಅಲ್ಲ, ಯಾಕೆಂದರೆ ಇವತ್ತು ಐದು ನಿಮಿಷ ಮಾತಾಡಬೇಕು, ಐದೇ ನಿಮಿಷ, ವೇದಿಕೆಯ ಮೇಲೆ ಮೈಕು ಹಿಡಿದು, ನಡುವೆ ನಿಲ್ಲದೆ ಒಂದು ಕಥೆ ಹೇಳಿ ಮುಗಿಸಬೇಕು, ಮುಗಿಸಿದರೆ ಅವಳು ಕೆಲಸ ಮಾಡುವ ಸಂಸ್ಥೆ ಮುಂದಿನ ತಿಂಗಳು ಕೆಂಗೇರಿಯಲ್ಲಿ ಶುರುಮಾಡುವ, ಕನ್ನಡದಲ್ಲಿ ಮಾತುಗಾರಿಕೆ ಕಲಿಸುವ ಬ್ಯಾಚು ಅವಳದು, ಅವಳೇ ಮೇಡಮ್ಮು, ನಿಲ್ಲಿಸಿದರೆ ನಾಗರಭಾವಿಯ ಕಡೆಯ ಲೆಕ್ಚರರೊಬ್ಬರು ಆಗಲೇ ಅರ್ಜಿ ಹಾಕಿಕೊಂಡು ಕಾಯುತ್ತಿದ್ದಾರೆ, ಅಲ್ಲಿನ ತರಬೇತುದಾರ ಆತ್ರೇಯ ಸರ್ ಮುಚ್ಚುಮರೆ ಮಾಡದೆ ಹೇಳಿದ್ದಾರೆ, ಇದು ಲಾಸ್ಟ್ ಚಾನ್ಸು ಶೈಲಾ ಅವರೇ, ನನಗೂ ಮೇಲಿನವರಿಗೆ ಉತ್ತರ ಕೊಡಬೇಕಲ್ವಾ. ಬೇಕು ಎಂದು ಅವಳು ಯಾರ ಮುಂದೆಯೂ ಹೇಳಿಲ್ಲ, ಗಂಡನ ಮುಂದೆ ಇಲ್ಲ, ದೀಪ ಹಚ್ಚುವಾಗ ಎಲ್ಲವ್ವನ ಫೋಟೋದ ಮುಂದೆಯೂ ಇಲ್ಲ, ಹೇಳದೆ ಗೊತ್ತಾಗದ್ದು ಆ ತಾಯಿಗೆ ಏನಿದೆ, ಆದರೂ ಬೇಕು, ಇಷ್ಟು ವರ್ಷ ಯಾವುದನ್ನೂ ಬೇಕೆನ್ನದೆ ಇದ್ದವಳಿಗೆ ಇದೊಂದು ಮಾತ್ರ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ನಾಲಗೆಗೆ ತಾಗುತ್ತಲೇ ಇದೆ.

ಆಟೊ ಸಿಕ್ಕಿತು, ಬಸವೇಶ್ವರನಗರ ಎಂದರೆ ಆಟೊದವನು ಮೀಟರ್ ಮೇಲೆ ಹತ್ತು ಅಂದ, ದುರ್ಗವ್ವ ಯಾಕೋ ತಮ್ಮಾ, ಈ ಸೀನಿದ ಮಳಿಗೂ ಹತ್ತಾ ಅಂದಳು, ಅವನು ನಕ್ಕು, ಹತ್ತಿ ಅಜ್ಜಿ ಹತ್ತಿ, ಮೀಟರ್ರೇ ಕೊಡಿ ಅಂದ, ಬದಿಯ ಪರದೆ ಇಳಿಬಿಟ್ಟ, ಒಳಗೆ ಮಲ್ಲಿಗೆ ಊದುಬತ್ತಿಯ ಹೊಗೆ, ಹಂಗಾರ ಮಾತಾಡೂದ ಕಲಸಾಕ ಒಂದು ಸಾಲಿ ಐತಿ ಅನ್ನು, ಎಂದಳು ಅತ್ತೆ, ನಮ್ಮೂರಾಗ ಬಾಯಿ ಮುಚ್ಚೂದ ಕಲಸ್ತಿದ್ರವಾ, ಅದನ್ನ ಕಲಸಾಕ ರೊಕ್ಕಾ ಇಸಗೋತಿರಲಿಲ್ಲ — ಮಾತೊಂದೇ ಅಲ್ಲ ಅತ್ತಿ, ಧೈರ್ಯ ಕಲಸ್ತಾರ, ಮನುಷ್ಯಾ ತಾ ಯಾರಂತ — ಹೌದೌದು, ನೀ ಯಾರಂತ ನಿನಗ ಅವರ ಹೇಳಬೇಕು, ಎಂದು ಅತ್ತೆ ಎಲೆ ಅಡಿಕೆಯ ಚಂಚಿ ಬಿಚ್ಚಿದಳು. ವಿಜಯನಗರ ದಾಟುವಾಗ ಬೇಕರಿಯ ಮೇಲಿನ ಆ ಎರಡನೇ ಮಹಡಿ ಕಂಡಿತು, ಮೇಲ್ಮೆಟ್ಟಿಲು ವ್ಯಕ್ತಿತ್ವ ವಿಕಸನ ಸಂಸ್ಥೆ, ಹಳದಿ ಬೋರ್ಡಿನಲ್ಲಿ ಮೆಟ್ಟಿಲು ಹತ್ತುತ್ತಿರುವ ಟೈ ಕಟ್ಟಿದ ಮನುಷ್ಯ, ಲಿಫ್ಟಿಲ್ಲದ ಕಟ್ಟಡ, ಹೆಸರಿಗೆ ತಕ್ಕ ಹಾಗೆ ಎಲ್ಲರೂ ಏದುಸಿರು ಬಿಡುತ್ತಲೇ ಮೇಲೆ ಬರುವುದು, ಬೆಳಗ್ಗೆ ಹತ್ತಕ್ಕೆಲ್ಲ ಕೆಳಗಿನಿಂದ ಬೆಣ್ಣೆ ಬನ್ನಿನ ವಾಸನೆ ಮೇಲೇರಿ ಅವಳ ಮೇಜಿನ ಫೋನಿನ ಸುತ್ತ ಕೂರುತ್ತದೆ, ಅವಳ ಕೆಲಸವೇ ಅದು, ಫೋನು, ದಪ್ಪ ಡೈರೆಕ್ಟರಿ ತೆರೆದು ಒಂದೊಂದೇ ನಂಬರಿಗೆ ಒತ್ತುವುದು, ನಮಸ್ಕಾರ ಸರ್, ಮೇಲ್ಮೆಟ್ಟಿಲಿನಿಂದ ಶೈಲಾ, ಒಂದು ನಿಮಿಷ ಮಾತಾಡಬಹುದಾ, ಹೂಂ ಹೇಳಿ, ಸರ್ ನಿಮ್ಮ ಮನೇಲಿ ಓದೋ ಮಕ್ಕಳಿದಾರಾ, ಹೂಂ ಇದಾರೆ, ಅಷ್ಟೇ, ಅಲ್ಲಿಂದ ಮುಂದೆ ಮಾತು ತಾನಾಗಿ ಹರಿಯುತ್ತಿತ್ತು, ಎಲ್ಲಿಂದ ಬರುತ್ತದೆ ಎಂದು ಅವಳಿಗೇ ತಿಳಿಯದು, ರಾಜಾಜಿನಗರದ ಮನೆ ಮಾಲೀಕರೊಬ್ಬರು ಯಾರ್ರೀ ನೀವು ಪದೇ ಪದೇ ಎಂದು ಬೈಯಲು ಶುರು ಮಾಡಿದವರು ಕೊನೆಗೆ ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ ಎಂಬಲ್ಲಿಗೆ ಬಂದಿದ್ದರು, ಮುಂದಿನ ಭಾನುವಾರ ಮಗಳ ಜೊತೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಫೋನಲ್ಲಿ ನೀವು ಹುಲಿ ಕಣ್ರೀ, ಎನ್ನುತ್ತಿದ್ದಳು ಪಕ್ಕದ ಮೇಜಿನ ಪ್ರಭಾ, ಹುಲಿಯನ್ನು ಬೋನಿಂದ ಹೊರಗೆ ಬಿಡಬೇಕು, ಎಂದಿದ್ದರು ಆತ್ರೇಯ ಸರ್, ಪಾಪ, ನಂದಿನಿ ಲೇಔಟಿನ ಹುಡುಗ, ತನ್ನ ತಮ್ಮನ ವಯಸ್ಸು, ಟೈ ಕಟ್ಟಿದರೂ ಕುತ್ತಿಗೆ ಇನ್ನೂ ಎಳೆಯದು, ಎಲ್ಲದಕ್ಕೂ ಟೇಕ್ ಅವೇ ಏನು ಟೇಕ್ ಅವೇ ಏನು, ಅಂದರೆ ಕೇಳಿದವರು ಮನೆಗೆ ಒಯ್ಯುವ ಪಾಠ ಏನು, ಎಂದು ಕೇಳುತ್ತಾರೆ, ಅದನ್ನು ಮನೆಯಲ್ಲಿ ಹೇಳಿದಾಗ ಅತ್ತೆ, ಕಥೀನೂ ಪಾರ್ಸೆಲ್ ಕಟ್ಟಿಸ್ಕೋತಾರಾ, ಎಂದಿದ್ದಳು. ಆದರೆ ಒಳ್ಳೆಯವರು, ಜನ ಅಳುವಾಗ ತಾವೂ ಅಳುತ್ತಾರೆ, ಸೆಮಿನಾರು ಮುಗಿದ ಮೇಲೆ ಕುರ್ಚಿ ಜೋಡಿಸುತ್ತಾರೆ.

ಒಳ್ಳೆಯದನ್ನು ಒಳ್ಳೆಯದೆನ್ನಲು ಅವಳಿಗೆ ಕಷ್ಟವಿಲ್ಲ, ಮೊದಮೊದಲು ಹೆದರಿದ್ದಳು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ ನಾನು ಗೆಲ್ಲುತ್ತೇನೆ ನಾನು ಗೆಲ್ಲುತ್ತೇನೆ ಎಂದು ಕೂಗುವುದು ನೋಡಿ, ಆಮೇಲೆ ಅನಿಸಿತು, ಭಜನೆಯಲ್ಲೂ ಹೀಗೆಯೇ, ತಾಳ ಜೋರಾದಾಗ ನಾಚಿಕೆ ಬಿಟ್ಟು ಹೋಗುತ್ತದೆ, ನಾಚಿಕೆ ಬಿಟ್ಟ ಜಾಗದಲ್ಲಿ ದೇವರು ಕೂರುತ್ತಾನೋ ಇನ್ನೇನು ಕೂರುತ್ತದೋ ಅದು ಅವರವರ ಪುಣ್ಯ. ತಪ್ಪಿದ್ದೆಲ್ಲ ತನ್ನ ಸರದಿಯಲ್ಲೇ. ಮೊದಲ ಸಲ ವೇದಿಕೆ ಹತ್ತಿದಾಗ ಒಂದು ಸಾಲು ಹೇಳಿ ನಿಂತುಬಿಟ್ಟಳು, ಮರೆತಿರಲಿಲ್ಲ, ಮುಂದಿನ ಸಾಲು ನಾಲಗೆಯ ತುದಿಯಲ್ಲೇ ಇತ್ತು, ಕಾಯ್ದಳು, ಯಾತಕ್ಕೆ ಕಾಯುತ್ತಿದ್ದೇನೆಂದು ತನಗೂ ಗೊತ್ತಿಲ್ಲ, ಸಭೆಯೂ ಕಾಯಿತು, ಆತ್ರೇಯ ಸರ್ ಉತ್ತೇಜನಕ್ಕೆಂದು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಚಪ್ಪಾಳೆ ಎಂದರೆ ಮುಗಿಯಿತು ಎಂದಲ್ಲವೇ, ಅವಳು ಕೈ ಮುಗಿದು ಇಳಿದು ಬಂದಳು. ಎರಡನೆಯ ಸಲವೂ ಹಾಗೆಯೇ. ಸ್ಟೇಜ್ ಫಿಯರ್ ಎಂದರು, ಹೊಟ್ಟೆಯಿಂದ ಉಸಿರೆಳೆದುಕೊಳ್ಳಿ ಎಂದರು, ಸಭೆಯವರನ್ನೆಲ್ಲ ಆಲೂಗಡ್ಡೆ ಅಂದ್ಕೊಳ್ಳಿ ಎಂದರು, ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ನಾನು ಶಕ್ತಿ, ನಾನು ಶಕ್ತಿ ಎಂದು ಹೇಳಿ ಎಂದರು, ಶೈಲಾಳ ಮನೆಯ ಕನ್ನಡಿ ಇರುವುದು ದೇವರ ಗೂಡಿನ ಎದುರು ಗೋಡೆಗೆ, ಅದರಲ್ಲಿ ತನ್ನ ಮುಖದ ಹಿಂದೆ ಎಲ್ಲವ್ವನ ಮುಖವೂ ಕಾಣುತ್ತದೆ, ನಾನು ಎಂದು ಬಾಯಿ ತೆರೆದವಳು ತಾಯಿಯ ಕಣ್ಣು ಕಂಡು ನೀನು ಶಕ್ತಿ ಎಂದುಬಿಟ್ಟಳು, ದಿನಾ ಹಾಗೆಯೇ, ನೀನು ಶಕ್ತಿ, ನೀನು ಶಕ್ತಿ, ಅಡುಗೆಮನೆಯಿಂದ ಅತ್ತೆ, ಯಾರ ಜೋಡಿ ಮಾತಾಡಾಕತ್ತೀ, ಎಂದರೆ, ದೇವರ ಜೋಡಿ ರೀ, ಎನ್ನುವುದು, ಸುಳ್ಳೇನಲ್ಲವಲ್ಲ.

ಆಟೊ ಹಳ್ಳಕ್ಕೆ ಬಿದ್ದು ಎದ್ದಾಗ ದುರ್ಗವ್ವ ಸೊಸೆಯ ಮೊಣಕಾಲು ಹಿಡಿದಳು, ಆ ಅಂಗೈ, ಒಣಗಿದ ಹಲಗೆಯಂಥ ಅಂಗೈ, ಸೀರೆಯ ಮೇಲಿನಿಂದಲೂ ಅದರ ಗಡಸು ತಿಳಿಯುತ್ತದೆ — ಇದೇ ಅಂಗೈ, ಸವದತ್ತಿ ಕಡೆಯ ಆ ಊರು, ಮದುವೆಯಾಗಿ ಬಂದ ವರ್ಷ, ಮಣ್ಣಿನ ಒಲೆ, ಜೋಳದ ರೊಟ್ಟಿ ಬಡಿಯುವ ಅತ್ತೆ, ಒಲೆಯ ಬಾಯಲ್ಲಿ ಕೂತು ಕಟ್ಟಿಗೆ ತುರುಕುವ ತಾನು, ಹೊಗೆಗೆ ಕಣ್ಣು ಉರಿ, ಒಂದೂರಾಗ ಒಬ್ಬ ರಾಜಾ, ಟಪ ಟಪ ಟಪ, ರಾಜಗ ಇಬ್ಬರ ಹೆಂಡರು, ಟಪ ಟಪ, ಅಲ್ಲಿಗೆ ನಿಂತುಬಿಡುತ್ತಿತ್ತು, ಕಥೆಯೂ ರೊಟ್ಟಿಯೂ, ಹಿಟ್ಟು ಹತ್ತಿದ ಬಿಳಿಯ ಅಂಗೈ ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ, ಸೊಸೆ ಹೂಂ ಎನ್ನುವವರೆಗೆ ಇಳಿಯುತ್ತಿರಲಿಲ್ಲ, ಒಮ್ಮೆ ಹೊಗೆಯಲ್ಲಿ ಕೆಮ್ಮು ಬಂದು ಹೂಂ ತಡವಾದಾಗ ರೊಟ್ಟಿಯ ಅಂಚು ಒಣಗಿ ಸೀಳಿತ್ತು, ಅತ್ತೆ ಬೈಯಲಿಲ್ಲ, ಕಥಿ ಹೇಳಾಕಿಗೆ ಹೂಂ ಅನ್ನಾವ್ರಿಲ್ಲ ಅಂದ್ರ ಎದುರಿಗಿದ್ದವರು ಮಲಗ್ಯಾರ ಅಂತ ತಿಳೀಬೇಕವಾ, ಮಲಗಿದವರಿಗೆ ಕಥಿ ಹೇಳಿದ್ರ ಕಥೀಗೆ ಪಾಪ, ಎಂದಷ್ಟೇ ಹೇಳಿದ್ದಳು. ಹೂಂ ಅನ್ನುವುದು ಯಾವಾಗಲೂ ಕಿರಿಯರ ಕೆಲಸ, ಕೆಳಗಿನಿಂದ ಮೇಲಕ್ಕೆ ಹೋಗುವುದು, ಮಗ ತಂದೆಗೆ, ಸೊಸೆ ಅತ್ತೆಗೆ, ಮೇಲಿನಿಂದ ಕೆಳಕ್ಕೆ ಬರುವುದು ಜನ್ಮಕ್ಕೊಮ್ಮೆ, ಅತ್ತೆಯಾದವಳು ಯಾವತ್ತೋ ಒಂದು ದಿನ ಸೊಸೆಯ ಕಥೆಗೆ ಹೂಂ ಎಂದರೆ ಒಲೆಯ ಮುಂದಿನ ಮಣೆ ಬಿಟ್ಟುಕೊಟ್ಟ ಹಾಗೆ, ರೊಟ್ಟಿಯೂ ಕಥೆಯೂ ಇನ್ನು ನಿನ್ನದು ಎಂದ ಹಾಗೆ, ದುರ್ಗವ್ವನಿಗೆ ಅವಳ ಅತ್ತೆ ಹಾಗೆ ಬಿಟ್ಟುಕೊಟ್ಟಿದ್ದಳಂತೆ, ಕಣ್ಣು ಮಂಜಾದ ಮುದುಕಿ, ಒಂದು ಸಂಜೆ ಎಲ್ಲರೂ ಕೂತಿರುವಾಗ ಹೂಂ ಅಂದಳಂತೆ, ಆ ಕ್ಷಣ ದುರ್ಗವ್ವ ಎದ್ದು ಕಾಲಿಗೆ ಬಿದ್ದು ಅತ್ತಳಂತೆ. ಬೆಂಗಳೂರಿಗೆ ಬಂದ ಮೇಲೆ ಒಲೆಯೂ ಇಲ್ಲ ಮಣೆಯೂ ಇಲ್ಲ, ನಿಂತು ಅಡುಗೆ, ಗ್ಯಾಸು, ಅತ್ತೆ ಕಥೆ ಹೇಳುವುದನ್ನೇ ಬಿಟ್ಟಳು, ಒಮ್ಮೆ ತಾನೇ ಕೇಳಿದ್ದಳು, ಒಂದು ಕಥಿ ಹೇಳ್ರಿ ಅತ್ತಿ, ಎಂದು, ಕುಕ್ಕರು ಸೀಟಿ ಹೊಡ್ಯಾಕತ್ತೈತಿ, ಅದಕ್ಕ ಹೂಂ ಅನ್ನು ಹೋಗು, ಎಂದಿದ್ದಳು ಅತ್ತೆ, ಇಬ್ಬರೂ ನಕ್ಕಿದ್ದರು, ಹಾಗೆ ಆ ಮಣೆ ಕೊಡುವವರಿಲ್ಲದೆ ತೆಗೆದುಕೊಳ್ಳುವವರಿಲ್ಲದೆ ಎಲ್ಲೋ ದಾರಿಯಲ್ಲೇ ಉಳಿಯಿತು, ಹುಬ್ಬಳ್ಳಿ ರೈಲಿನಲ್ಲೋ, ಯಶವಂತಪುರದ ಪ್ಲಾಟ್‌ಫಾರಂನಲ್ಲೋ. ಇರಲಿ. ಅದಕ್ಕೆ ದುಃಖವಿಲ್ಲ, ಮನೆ ಇದೆ, ಗಂಡನಿಗೆ ಸರ್ಕಾರದ ಚೀಲ ಇದೆ, ಅತ್ತೆ ಬೈಯುತ್ತಾಳೆ ಆದರೆ ಹಾಲಿನ ಕೆನೆ ತನಗೇ ತೆಗೆದಿಡುತ್ತಾಳೆ, ಇಷ್ಟು ಕೊಟ್ಟ ತಾಯಿ.

ಬಸವೇಶ್ವರನಗರದ ಸಭಾಭವನದಲ್ಲಿ ತುಂಬ ಜನ, ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಹೂವಿನ ವಾಸನೆಯ ಜೊತೆ ಉಪ್ಪಿಟ್ಟಿನ ವಾಸನೆ, ಅತ್ತೆಯನ್ನು ಮೂರನೆಯ ಸಾಲಿನಲ್ಲಿ ಕೂರಿಸಿ ತಾನು ಭಾಷಣ ಮಾಡುವವರ ಜೊತೆ ಪಕ್ಕದ ಸಾಲಿಗೆ ಹೋದಳು, ಆಂಟಿ ಕಾಫಿ ಕೊಡ್ಲಾ, ಎಂದು ಪ್ರಭಾ ದುರ್ಗವ್ವನನ್ನು ಕೇಳುವುದು ಕಂಡಿತು, ಆಂಟಿ ಅಂದ್ರ ಯಾರ, ನಾನಾ, ಎನ್ನುವುದೂ ಕೇಳಿಸಿತು, ಆತ್ರೇಯ ಸರ್ ಮೈಕಿನಲ್ಲಿ, ಮನೆಯವರೆಲ್ಲರಿಗೂ ಸ್ವಾಗತ, ಒಂದೇ ಒಂದು ರಿಕ್ವೆಸ್ಟು, ಮಾತಾಡೋವಾಗ ಪಿನ್ ಡ್ರಾಪ್ ಸೈಲೆನ್ಸ್ ಪ್ಲೀಸ್, ನೀವು ಕೊಡೋ ನಿಶ್ಶಬ್ದಾನೇ ನೀವು ಕೊಡೋ ಗೌರವ, ಮೊಬೈಲು ಆಫ್ ಮಾಡಿ — ಜನ ಗೌರವ ಕೊಟ್ಟರು, ಸೀನುವವರೂ ತಡೆದುಕೊಂಡರು. ಮೊದಲು ಬ್ಯಾಂಕಿನ ಗುಮಾಸ್ತರೊಬ್ಬರು ಹತ್ತಿದರು, ಅಣ್ಣನೊಡನೆ ಮಾತು ಬಿಟ್ಟದ್ದು, ಸೆಮಿನಾರಿಗೆ ಬಂದ ಮೇಲೆ ಒಂದು ದಿನ ಅಣ್ಣನ ಮನೆಯ ಬೆಲ್ಲು ಒತ್ತಿದ್ದು, ಅತ್ತಿಗೆ ಬಾಗಿಲು ತೆಗೆದದ್ದು, ಅಲ್ಲಿ ಒಂದು ಉಸಿರು ನಿಂತರು ಅವರು, ಮತ್ತು ಶೈಲಾಳ ಬಾಯಿಂದ, ಅವಳಿಗೆ ಗೊತ್ತಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ, ಹೂಂ ಎಂದು ಬಂತು. ತಲೆಗಳು ತಿರುಗಿದವು, ಶ್, ಎಂದಳು ಪ್ರಭಾ ಓಡಿ ಬಂದು, ಏನ್ರೀ ಶೈಲಾ ನೀವು, ಫೋನಲ್ಲಿ ಇದೀರಾ ಅಂದ್ಕೊಂಡ್ರಾ, ಸರ್ ನೋಡ್ತಿದಾರೆ ಕಣ್ರೀ. ಬಾಯಿ ಮುಚ್ಚಿಕೊಂಡಳು, ಮುಖ ಬಿಸಿಯಾಯಿತು, ಬಿಸಿಯ ನಡುವೆಯೇ ಕಣ್ಣು ಬಿಟ್ಟ ಹಾಗೆ ಒಂದು ತಿಳಿವು, ಫೋನಲ್ಲಿ, ಹೌದಲ್ಲ, ಫೋನಲ್ಲಿ ಹೂಂ ಹೇಳಿ, ಹೂಂ ಹೇಳಿ, ಎಂದು ಆ ಕಡೆಯವರು ಅನ್ನುತ್ತಲೇ ಇರುತ್ತಾರೆ, ಇಲ್ಲಿ ಯಾರೂ ಅನ್ನುವುದಿಲ್ಲ, ಹೆದರಿಕೆಯಲ್ಲ ಅದು, ಯಾವ ಹೆದರಿಕೆಯೂ ಅಲ್ಲ, ಒಂದು ಸಾಲು ಹೇಳಿ ತಾನು ಕಾಯುತ್ತಿದ್ದದ್ದು ಹೂಂಗೆ, ಇಷ್ಟು ಜನರೂ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾರೆಂದು ತನ್ನ ನಾಲಗೆ ತಿಳಿದುಕೊಂಡಿತ್ತು, ನಗು ಬಂತು, ಅಯ್ಯೋ ತಾಯಿ, ಆಲೂಗಡ್ಡೆ ಬೇರೆ ಅಂದುಕೊಂಡೆನಲ್ಲ. ಹೋಗಿ ಆತ್ರೇಯ ಸರ್‌ಗೆ ಹೇಳಲೇ, ಸರ್, ನಾನು ನಿಂತಲ್ಲೆಲ್ಲ ಜನ ಹೂಂ ಅನ್ನಲಿ ಎಂದು, ಅವರು ಪಾಪ ಒಪ್ಪಿಯಾರು, ಬೋರ್ಡಿನ ಮೇಲೆ ಬರೆಸಿಯೂ ಹಾಕಿಯಾರು, ಆದರೆ ಕೇಳಿ ಇಸಗೊಂಡ ಹೂಂ ಹೂಂ ಅಲ್ಲ, ಊರಲ್ಲಿ ಹೂಂ ಬೇಡಿದವನಿಗೆ ಹೋಗಿ ಮಕ್ಕೋ ಹೋಗೋ, ನೀನೂ ಮಲಗು ಹೋಗು, ಎನ್ನುತ್ತಿದ್ದರು, ಕಾರಣ ತಿಳಿಯಿತು, ತಿಳಿದದ್ದಷ್ಟೇ, ತಿಳಿದ ಮಾತ್ರಕ್ಕೆ ಗಂಟಲು ಕೇಳಬೇಕಲ್ಲ, ಕೆಂಗೇರಿ ಹೋದರೆ ಹೋಗಲಿ, ಫೋನು ಇದೆ, ಬನ್ನಿನ ವಾಸನೆ ಇದೆ, ಎಂದುಕೊಳ್ಳುವಾಗಲೇ ಒಳಗೆ ಎಲ್ಲೋ ಸಣ್ಣಗೆ, ಬೇಕು, ಬೇಕು — ಈಗ ನಮ್ಮ ಶೈಲಾ ಅವರು, ಎಂದರು ಮೈಕಿನಲ್ಲಿ.

ಮೆಟ್ಟಿಲು ಮೂರೋ ನಾಲ್ಕೋ, ಸೀರೆ ತೊಡರಲಿಲ್ಲ, ಮೈಕು ತಣ್ಣಗಿತ್ತು, ಎದುರಿಗೆ ಮುಖಗಳು, ಒಳ್ಳೆಯ ಮುಖಗಳು, ನಗುವ ಮುಖಗಳು, ಬಾಯಿಗೆ ಮಾತ್ರ ಬೀಗ ಹಾಕಿಕೊಂಡವು, ಮೇಲೆ ಶೀಟಿನ ಮೇಲೆ ಸೋನೆ ಬೀಳುವ ಸದ್ದು, ಫ್ಯಾನು, ಮೂರನೆಯ ಸಾಲಿನಲ್ಲಿ ಅತ್ತೆ ಕಣ್ಣು ಮುಚ್ಚಿದ್ದಾಳೆ, ನಿದ್ದೆ ಹತ್ತಿದೆ, ಪಾಪ, ನಸುಕಿನಲ್ಲೇ ಎದ್ದವಳು, ಸೆರಗು ತಲೆಯ ಮೇಲೆ, ಕೈ ಮಡಿಲಲ್ಲಿ, ಎಚ್ಚರವಿದ್ದರೂ ಏನು, ಆಕೆ ಹೂಂ ಅನ್ನುವವಳಲ್ಲ, ಅನಿಸಿಕೊಳ್ಳುವವಳು, ತಾನು ಹೇಳಲಿರುವುದೂ ಆಕೆಯದೇ ಕಥೆ, ಆಕೆಯ ಬಾಯಿಂದ ಬಂದದ್ದನ್ನು ಆಕೆಯ ಎದುರಿಗೇ ಹೇಳುವ ಧಾರ್ಷ್ಟ್ಯ, ಕ್ಷಮಿಸು ತಾಯಿ, ಯಾವ ತಾಯಿಗೆ ಹೇಳಿದೆ, ಗೂಡಿನವಳಿಗೋ ಕುರ್ಚಿಯವಳಿಗೋ, ಬರೆದುಕೊಂಡು ಕಲಿತಿದ್ದ ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ, ಊರಿನದೇ ಬಂತು, ಒಂದೂರಾಗ ಒಬ್ಬ ಗೌಡ ಇದ್ದ, ಅವಗ ನಿದ್ದಿ ಭಾಳ, ಎಷ್ಟ ಮಲಗಿದ್ರೂ ತೀರವಲ್ದು, ಕಡೀಕ ಹೆಂಡತಿ ಅಂದ್ಲಂತ, ಇಷ್ಟ ನಿದ್ದಿ ಇಟಗೊಂಡ ಏನ ಮಾಡ್ತೀರಿ, ಗಂಟ ಕಟಗೊಂಡ ಹೋಗಿ ಸಂತ್ಯಾಗರ ಮಾರಿ ಬರ್ರಿ — ಯಾರೋ ನಗು ನುಂಗಿದರು, ಗೌರವಕ್ಕೆ — ಗೌಡ ನಿದ್ದಿ ಗಂಟ ಕಟ್ಟಿ ತಲಿ ಮ್ಯಾಲ ಇಟಗೊಂಡ —

ನಿಂತಿತು. ನಿಲ್ಲಬಾರದೆಂದು ಎಷ್ಟು ಹೇಳಿಕೊಂಡರೂ ನಿಂತಿತು, ಮುಂದಿನದು ಗೊತ್ತು, ಸಂತೆಯ ದಾರಿ ಗೊತ್ತು, ಗಂಟು ಬಿಚ್ಚಿ ಹೋಗಿ ಸಂತೆಗೆ ಸಂತೆಯೇ ಮಲಗುವುದು ಗೊತ್ತು, ಆದರೆ ಎದುರಿಗಿದ್ದವರು ಮಲಗ್ಯಾರ, ಮಲಗಿದವರಿಗೆ ಹೇಳಿದ್ರ ಪಾಪ, ಇಲ್ಲ ಮಲಗಿಲ್ಲ, ಗೌರವ ಅದು, ಗೌರವ, ಹೇಳು, ಹೊಟ್ಟೆಯಿಂದ ಉಸಿರು, ನೀನು ಶಕ್ತಿ, ಹೇಳು, ಆತ್ರೇಯ ಸರ್ ಕಣ್ಣಲ್ಲೇ ಹೇಳಿ ಹೇಳಿ ಎನ್ನುತ್ತಿದ್ದಾರೆ, ಅವರ ಎರಡು ಕೈ ಹತ್ತಿರ ಹತ್ತಿರ ಬರುತ್ತಿವೆ, ಚಪ್ಪಾಳೆಗೆ, ತಟ್ಟಬೇಡಿ ಸರ್, ತಟ್ಟಿದರೆ ಮುಗಿಯುತ್ತದೆ, ಫ್ಯಾನು, ಸೋನೆ, ಹೊಗೆ, ಬಿಳಿಯ ಅಂಗೈ, ಎತ್ತಿದ್ದು ಎತ್ತಿದಂತೆ, ರೊಟ್ಟಿಯ ಅಂಚು ಒಣಗುತ್ತಿದೆ, ಒಣಗುತ್ತಿದೆ, ಅಂಗೈ —

ಹೂಂ.

ಅಷ್ಟೇ. ಮೂರನೆಯ ಸಾಲು. ಕಣ್ಣು ತೆರೆದಿಲ್ಲ, ಸೆರಗು ಸರಿದಿಲ್ಲ, ಯಾರದೋ ಸಾಮಾನು ಅವರ ಹೊಸ್ತಿಲ ಒಳಗಿಟ್ಟು ಬಾಗಿಲು ಮುಂದೆ ಮಾಡಿದಷ್ಟು ಮೆಲ್ಲಗೆ ದುರ್ಗವ್ವ ಹೂಂ ಎಂದಳು, ಪ್ರಭಾ ತಿರುಗಿದಳು, ಆತ್ರೇಯ ಸರ್ ಕೈಗಳು ಕೂಡದೆ ಕೆಳಗಿಳಿದವು, ಶೈಲಾ ಅತ್ತೆಯ ಕಾಲಿಗೆ ಬೀಳಬೇಕು, ವೇದಿಕೆಯಿಂದ ಹೇಗೆ ಬೀಳುವುದು, ಮುಂದೆ ಹೇಳಬೇಕು, ಗೌಡ ದಾರಿಯಲ್ಲೇ ಗಂಟು ಹೊತ್ತು ನಿಂತಿದ್ದಾನೆ, ಹೇಳುತ್ತಾಳೆ, ಈಗ ಹೇಳುತ್ತಾಳೆ, ಒಂದು ಗಳಿಗೆ, ಕಣ್ಣ ಮುಂದೆ ಮತ್ತೇನೂ ಇಲ್ಲ, ಹಿಟ್ಟು ಹತ್ತಿದ ಅಂಗೈ ಗಾಳಿಯಲ್ಲಿ, ಅದರ ಕೆಳಗೆ, ಮಣಿಕಟ್ಟಿನಲ್ಲಿ, ತನ್ನವೇ ಹಸಿರು ಬಳೆ.